ಮಗ ಅಕಾಡೆಮಿಯಲ್ಲಿ, ಕಾರು ಶೆಡ್ಡಿನಲ್ಲಿ: ಕೆಡೆಟ್‌ಗಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೂಡಿಗೆಯ ಸೈನಿಕ ಶಾಲೆ ನಮ್ಮ ಕುಶಾಲನಗರಕ್ಕೆ ಕೂಗಳತೆಯಲ್ಲಿದೆ ಅಂದರೂ ನಡೆದೀತು. ಅಲ್ಲಿಂದ ಪುಣೆ ಬಳಿಯ ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಹೋದ ಹುಡುಗರ ಅಪ್ಪಂದಿರು, ಸೇನಾಧಿಕಾರಿಗಳ ತರಬೇತಿಗೆಂದು ಚೆನ್ನೈ ಓಟಿಎಗೋ ಡೆಹ್ರಾಡೂನಿನ ಸೇನಾ ಅಕಾಡೆಮಿಗೋ ಮಕ್ಕಳನ್ನು ಕಳಿಸಿದ ತೋಟದ ಮನೆಯವರು, ಗಾಡಿಯ ಪಾಲಿಸಿ ರಿನ್ಯೂವಲ್‌ಗೆಂದು ನನ್ನ ಮೇಜಿನ ಮುಂದೆ ಕೂರುತ್ತಾರೆ. ಕೇಳುವುದು ಸುತ್ತಿಬಳಸಿ ಅದೇ ಹತ್ತು ಹದಿನೈದು ಪ್ರಶ್ನೆ. ಪ್ರತಿ ಸಲ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಮಗ ಎಂದಿರುವ ಕಡೆಯೆಲ್ಲ ಮಗಳು ಎಂದೂ ಓದಿಕೊಳ್ಳಿ. 2022ರ ಆಗಸ್ಟ್‌ನಲ್ಲೇ ಹೆಣ್ಣುಮಕ್ಕಳ ಮೊದಲ ತಂಡ ಖಡಕ್ವಾಸ್ಲಾದ ಗೇಟು ದಾಟಿತು.

ಮಗ ಎನ್‌ಡಿಎಗೆ ಹೋದ. ಕಾರು ಮನೆಯಲ್ಲೇ ಇದೆ. ಕಂಪನಿಗೆ ತಿಳಿಸಬೇಕೇ?

ಬೇಡ. ನಮ್ಮ ದೇಶದಲ್ಲಿ ಇನ್ಶೂರೆನ್ಸ್ ಅಂಟಿಕೊಂಡಿರುವುದು ಗಾಡಿಗೆ ಮತ್ತು ಆರ್‌ಸಿಯಲ್ಲಿರುವ ಹೆಸರಿಗೆ. ಮನೆಯಲ್ಲಿ ಯಾರಿದ್ದಾರೆ, ಯಾರು ಊರು ಬಿಟ್ಟರು ಎಂದು ಪಾಲಿಸಿ ಕೇಳುವುದಿಲ್ಲ.

ಆದರೆ ಗಾಡಿ ಮಗನ ಹೆಸರಲ್ಲೇ ಇದ್ದರೆ ಒಂದು ಕೆಲಸ ಮಾಡಿ. ಅವನು ಹೊರಡುವ ಮುನ್ನ ಪಾಲಿಸಿಗೆ ಕೊಟ್ಟ ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮ ನಂಬರ್ ಹಾಕಿಸಿ. ತರಬೇತಿಯ ಮೊದಲ ತಿಂಗಳುಗಳಲ್ಲಿ ಹುಡುಗರ ಕೈಗೆ ಫೋನ್ ಬೇಕೆಂದಾಗ ಸಿಗುವುದಿಲ್ಲ. ಇಲ್ಲಿ ನೀವು ರಿನ್ಯೂವಲ್ ಮಾಡಲು ಕೂತರೆ ಓಟಿಪಿ ಅಲ್ಲಿಗೆ ಹೋಗುತ್ತದೆ. ಹಾಗೆ ಮೂರು ದಿನ ಕಾದು, ಅಷ್ಟರಲ್ಲಿ ಪಾಲಿಸಿ ಲ್ಯಾಪ್ಸ್ ಆದ ಮನೆಗಳನ್ನು ನೋಡಿದ್ದೇನೆ.

ದೂರದಲ್ಲಿ ಓದುವ ಮಕ್ಕಳಿದ್ದರೆ ಪ್ರೀಮಿಯಂ ಕಡಿಮೆ ಅಂತ ನೆಟ್‌ನಲ್ಲಿ ಓದಿದೆ?

ಅದು ಅಮೆರಿಕದ ಲೆಕ್ಕ. ಅಲ್ಲಿ ಮನೆಯಲ್ಲಿ ಗಾಡಿ ಓಡಿಸುವವರ ಹೆಸರುಗಳನ್ನೆಲ್ಲ ಪಾಲಿಸಿಯಲ್ಲಿ ಬರೆಸಿ, ಹದಿಹರೆಯದ ಮಗನಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚು ಕಟ್ಟಬೇಕು. ಆ ಮಗ ಕಾರು ಬಿಟ್ಟು ದೂರದ ಕಾಲೇಜಿಗೆ ಹೋದರೆ ಸ್ವಲ್ಪ ಇಳಿಸುತ್ತಾರೆ. ನಾವು ಮಗನಿಗಾಗಿ ಹೆಚ್ಚು ಕಟ್ಟಿರುವುದೇ ಇಲ್ಲವಲ್ಲ, ಇಳಿಸುವುದು ಎಲ್ಲಿಂದ?

ಅಕಾಡೆಮಿಗೆ ಬೈಕೋ ಕಾರೋ ಒಯ್ಯಬಹುದೇ?

ಇಲ್ಲ. ತರಬೇತಿಯಲ್ಲಿರುವ ಕೆಡೆಟ್ ಸ್ವಂತ ಗಾಡಿ ಇಟ್ಟುಕೊಳ್ಳುವಂತಿಲ್ಲ. ಎನ್‌ಡಿಎಯಲ್ಲಿ ಸೈಕಲ್ ಕೊಡುತ್ತಾರೆ, ಸಾಲಾಗಿ ತುಳಿಯಬೇಕು. "ಪುಣೆಯ ಚಿಕ್ಕಪ್ಪನ ಮನೆಯಲ್ಲಿ ಬೈಕ್ ಇಟ್ಟಿರ್ತೀನಿ, ಭಾನುವಾರ ಓಡಿಸ್ತೀನಿ" ಎನ್ನುವ ಹುಡುಗರಿದ್ದಾರೆ. ಪಾಲಿಸಿ ಅದಕ್ಕೆ ಅಡ್ಡ ಬರುವುದಿಲ್ಲ. ಅಕಾಡೆಮಿ ಬರುತ್ತದೆ.

ಮೂರು ವರ್ಷ ಎನ್‌ಡಿಎ, ಮೇಲೆ ಒಂದು ವರ್ಷ ಡೆಹ್ರಾಡೂನ್. ಅಷ್ಟು ದಿನ ನಿಂತೇ ಇರುವ ಕಾರಿಗೆ ಯಾಕೆ ಕಟ್ಟಬೇಕು?

ನ್ಯಾಯವಾದ ಪ್ರಶ್ನೆ, ಆದ್ದರಿಂದ ಉತ್ತರ ಸ್ವಲ್ಪ ಉದ್ದ.

ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಂ ಹೇಳುವುದು ಸಾರ್ವಜನಿಕ ಜಾಗದಲ್ಲಿ ಗಾಡಿ ಬಳಸುವುದರ ಬಗ್ಗೆ: ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಇಲ್ಲದೆ ಬಳಸುವಂತಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ ದಂಡ 4,000. ಬೀಗ ಹಾಕಿದ ನಿಮ್ಮ ಶೆಡ್ಡಿಗೆ ಪೊಲೀಸರು ಬಂದು ಕೇಳುವುದಿಲ್ಲ ಎನ್ನುವುದು ಸರಿ. ಆದರೆ ಶೆಡ್ಡಿನಲ್ಲಿ ನಾಲ್ಕು ವರ್ಷ ಅಲುಗಾಡದೆ ನಿಂತ ಕಾರನ್ನು ನಾನಿನ್ನೂ ಕಂಡಿಲ್ಲ. ಅಜ್ಜಿಗೆ ರಾತ್ರಿ ಉಸಿರು ಕಟ್ಟಿದಾಗ ಬಾಗಿಲ ಹತ್ತಿರ ಯಾವ ಕಾರಿದೆಯೋ ಅದೇ ಮಡಿಕೇರಿಗೆ ಓಡುತ್ತದೆ.

ಖರ್ಚು ಎಷ್ಟು? 2022ರ ಜೂನ್ 1ರಿಂದ ಬಂದ ದರದಲ್ಲಿ ಸಾವಿರ ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ 1,500 ಸಿಸಿವರೆಗೆ 3,416, ಅದರ ಮೇಲೆ 7,897. ತೆರಿಗೆ ಬೇರೆ. ಇದು ಎಲ್ಲ ಕಂಪನಿಯಲ್ಲೂ ಒಂದೇ, ಚೌಕಾಸಿ ಇಲ್ಲ. ಉಳಿಸುವುದಿದ್ದರೆ ಓನ್ ಡ್ಯಾಮೇಜ್, ಅಂದರೆ ನಿಮ್ಮ ಗಾಡಿಗೇ ಆಗುವ ಹಾನಿಯ ಭಾಗದಲ್ಲಿ. ಅದರಲ್ಲಿ ದಾರಿಗಳಿವೆ.

ಒಂದು ಹಳೆಯ ದಾರಿ ಇದೆ, ಈಗ ಕೌಂಟರಿನಲ್ಲಿ ಕೇಳಿದರೆ ಹುಡುಗರು ಕಣ್ಣು ಕಣ್ಣು ಬಿಡುತ್ತಾರೆ. ಮೋಟಾರ್ ಟ್ಯಾರಿಫ್, ಅಂದರೆ ಗಾಡಿ ವಿಮೆಯ ದರ-ನಿಯಮಗಳ ಪುಸ್ತಕದ ಐಎಂಟಿ 11ನೇ ಷರತ್ತು. ಇಷ್ಟು ತಾರೀಕಿನಿಂದ ಇಷ್ಟರವರೆಗೆ ಗಾಡಿ ಗ್ಯಾರೇಜಿನಲ್ಲಿ ನಿಂತಿರುತ್ತದೆ, ಬಳಕೆಯಲ್ಲಿರುವುದಿಲ್ಲ ಎಂದು ಬರೆದುಕೊಟ್ಟರೆ ಆ ಅವಧಿಗೆ ಬೆಂಕಿ, ಕಳವು, ಪ್ರವಾಹದಂಥ ಕೆಲವನ್ನು ಉಳಿಸಿ ಮಿಕ್ಕ ಹೊಣೆಯನ್ನೆಲ್ಲ ಕಂಪನಿ ಅಮಾನತಿನಲ್ಲಿ ಇಡುತ್ತದೆ. ಬದಲಿಗೆ ಮುಂದಿನ ರಿನ್ಯೂವಲ್‌ನಲ್ಲಿ ಸ್ವಲ್ಪ ಇಳಿಸುತ್ತದೆ, ಇಲ್ಲವೇ ಪಾಲಿಸಿಯ ಅವಧಿ ಮುಂದೂಡುತ್ತದೆ. ಅಮಾನತಿನಲ್ಲಿರುವಾಗ ಗೇಟಿನಿಂದ ಆಚೆ ಗಾಲಿ ಇಡುವಂತಿಲ್ಲ. ಅಜ್ಜಿಯ ಮಾತು ನೆನಪಿದೆಯಲ್ಲ? ನಾನಂತೂ ಇದನ್ನು ಯಾರಿಗೂ ಮಾಡಿಸುವುದಿಲ್ಲ.

ಇನ್ನೊಂದು, 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಪ್ಪಿದ್ದು: ಓಡಿಸಿದಷ್ಟು ಕಟ್ಟುವ ಪಾಲಿಸಿ. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಗೊತ್ತುಮಾಡಿ ಅದಕ್ಕೆ ತಕ್ಕಂತೆ ಓನ್ ಡ್ಯಾಮೇಜ್ ಇಳಿಸುತ್ತಾರೆ. ರಜೆಯಲ್ಲಿ ಮಾತ್ರ ಓಡುವ ಕಾರಿಗೆ ಹೇಳಿ ಮಾಡಿಸಿದ್ದು.

ಪಾಲಿಸಿಯನ್ನೇ ರದ್ದು ಮಾಡಿ ದುಡ್ಡು ವಾಪಸ್ ಕೇಳುವ ಯೋಚನೆ ಬಿಡಿ. ಅದೇ ಗಾಡಿಗೆ ಬೇರೆ ಪಾಲಿಸಿ ಇದೆ ಎಂದೋ, ಆರ್‌ಸಿಯೇ ರದ್ದಾಗಿದೆ ಎಂದೋ ತೋರಿಸದೆ ಥರ್ಡ್ ಪಾರ್ಟಿ ರದ್ದು ಮಾಡುವುದಿಲ್ಲ.

ಬೈಕ್ ಕೊಂಡಾಗಲೇ ಐದು ವರ್ಷದ್ದು ಕಟ್ಟಿದ್ದೇವೆ. ಚಿಂತೆ ಇಲ್ಲ ತಾನೇ?

ಚಿಂತೆ ಇದೆ. ಆ ಐದು ವರ್ಷ ಬರೀ ಥರ್ಡ್ ಪಾರ್ಟಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸುತ್ತಾರೆ. ಓನ್ ಡ್ಯಾಮೇಜ್ ಹೆಚ್ಚಾಗಿ ಒಂದೇ ವರ್ಷ. ಪಾಲಿಸಿ ಹಾಳೆಯಲ್ಲಿ ಎರಡು ತಾರೀಕು ಇರುತ್ತವೆ, ಎರಡನೆಯದನ್ನು ಯಾರೂ ಓದುವುದಿಲ್ಲ. ಹುಡುಗ ಅಕಾಡೆಮಿಯಲ್ಲಿ ಎರಡನೇ ಟರ್ಮ್‌ನಲ್ಲಿರುವಾಗ ಅದು ಸದ್ದಿಲ್ಲದೆ ಮುಗಿದಿರುತ್ತದೆ. ಆಮೇಲೆ ಬೈಕ್ ಕಳುವಾದರೆ ಐದು ವರ್ಷದ ಆ ಹಾಳೆಯಿಂದ ಒಂದು ಪೈಸೆಯೂ ಬರುವುದಿಲ್ಲ.

ರಜೆಗೆ ಬಂದ ಮಗ ಅಪ್ಪನ ಕಾರು ಓಡಿಸಬಹುದೇ? ಅವನ ಹೆಸರು ಸೇರಿಸಬೇಕೇ?

ಚಾಲ್ತಿಯಲ್ಲಿರುವ ಡಿಎಲ್ ಇದ್ದು, ನೀವು ಒಪ್ಪಿ ಕೀಲಿ ಕೊಟ್ಟರೆ ಧಾರಾಳವಾಗಿ ಓಡಿಸಬಹುದು. ಎದುರಿನವನಿಗೆ ತಾಗಿದರೂ, ನಿಮ್ಮ ಕಾರಿನ ಬಂಪರ್ ಹೋದರೂ ಪಾಲಿಸಿ ಕೆಲಸ ಮಾಡುತ್ತದೆ.

ಆದರೆ ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಿದ್ದರೆ ಇದನ್ನು ಓದಿ. ಪಾಲಿಸಿಯಲ್ಲಿ "ಓನರ್ ಡ್ರೈವರ್ ಪಿಎ 15 ಲಕ್ಷ" ಎಂದು ಇರುತ್ತದಲ್ಲ, ಆ ಅಪಘಾತ ರಕ್ಷಣೆ ಮಗನಿಗಲ್ಲ. ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಹೆಸರಿದ್ದು, ಡಿಎಲ್ ಕೂಡ ಇರುವ ಮಾಲೀಕರಿಗೆ ಮಾತ್ರ. ಮಗ ನಿಮ್ಮ ಸ್ಟೇರಿಂಗ್ ಹಿಡಿದು ಮರಕ್ಕೆ ಗುದ್ದಿ ಅವನಿಗೇ ಏನಾದರೂ ಆದರೆ ಆ 15 ಲಕ್ಷ ಬರುವುದಿಲ್ಲ. ಥರ್ಡ್ ಪಾರ್ಟಿಯೂ ಬರುವುದಿಲ್ಲ. ತಪ್ಪು ಅವನದೇ ಆಗಿದ್ದಾಗ ಅವನು ಮೂರನೆಯವನಲ್ಲ, ಮಾಲೀಕನ ಜಾಗದಲ್ಲಿ ಕೂತವನು ಎಂದು ಕೋರ್ಟುಗಳು ಹೇಳುತ್ತ ಬಂದಿವೆ. 2014ರಲ್ಲಿ ಅರಸೀಕೆರೆಗೆ ಹೋಗುವ ದಾರಿಯಲ್ಲಿ, ತನ್ನದಲ್ಲದ ಕಾರನ್ನು ಓಡಿಸುತ್ತಿದ್ದವರು ತೀರಿಕೊಂಡ ಒಂದು ಪ್ರಕರಣವಿದೆ. ಅವರದೇ ಅಜಾಗರೂಕತೆ ಕಾರಣ, ಮನೆಯವರಿಗೆ ಪರಿಹಾರ ಸಲ್ಲದು ಎಂದಿತು ನಮ್ಮ ಹೈಕೋರ್ಟ್. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ.

ಇದಕ್ಕೆ ಮದ್ದು ದುಬಾರಿಯೇನಲ್ಲ. ಮಗನ ಹೆಸರನ್ನೇ ಬರೆಸಿ ಅಪಘಾತ ರಕ್ಷಣೆ ಸೇರಿಸಲು ಐಎಂಟಿ 15 ಇದೆ, ಟ್ಯಾರಿಫ್‌ನಲ್ಲಿ ಕಾರಿಗೆ ತಲಾ ಎರಡು ಲಕ್ಷದ ಮಿತಿ. ಎರಡು ಲಕ್ಷ ಈ ಕಾಲಕ್ಕೆ ಯಾವ ಮೂಲೆಗೆ? ಅದಕ್ಕಿಂತ ಅವನ ಹೆಸರಲ್ಲೇ ಪ್ರತ್ಯೇಕ ಅಪಘಾತ ಪಾಲಿಸಿ ಮಾಡಿಸಿ. ಯಾರ ಗಾಡಿಯಲ್ಲಿದ್ದರೂ ನಡೆಯುತ್ತದೆ. ಪ್ರಪೋಸಲ್ ಫಾರಂನಲ್ಲಿ ಉದ್ಯೋಗದ ಜಾಗದಲ್ಲಿ "ವಿದ್ಯಾರ್ಥಿ" ಎಂದು ಗೀಚಿ ಬಿಡಬೇಡಿ, ಸೇನಾ ಅಕಾಡೆಮಿಯ ಕೆಡೆಟ್ ಎಂದೇ ಬರೆಯಿರಿ. ತರಬೇತಿಯ ಗಾಯಗಳಿಗೆ ಅನ್ವಯಿಸುತ್ತದೋ ಇಲ್ಲವೋ ಎಂದು ಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನ ಮಾಡಿ. ಅಕಾಡೆಮಿಯ ಗುಂಪು ವಿಮೆ ಬೇರೆ ಲೆಕ್ಕ, ಕಾರಿನ ಪಾಲಿಸಿಗೂ ಅದಕ್ಕೂ ನಂಟಿಲ್ಲ.

ಹುಡುಗನಿಗೆ ಇನ್ನೂ ಹದಿನೇಳೂವರೆ. ತೋಟದ ರಸ್ತೆಯಲ್ಲಿ ಮಾತ್ರ ಓಡಿಸುತ್ತಾನೆ.

ಎನ್‌ಡಿಎಗೆ ಹದಿನಾರೂವರೆಗೇ ಸೇರಬಹುದು, ಕಾರಿನ ಲೈಸೆನ್ಸ್ ಸಿಗುವುದು ಹದಿನೆಂಟಕ್ಕೆ. ನಡುವಿನ ಈ ಒಂದೂವರೆ ವರ್ಷದಲ್ಲೇ ಯಡವಟ್ಟುಗಳಾಗುವುದು. 2019ರಲ್ಲಿ ಬಂದ 199ಎ ಕಲಂ ಪ್ರಕಾರ ಅಪ್ರಾಪ್ತ ಮಗ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಡಿಎಲ್ ಇಲ್ಲ. ಲೈಸೆನ್ಸ್ ಇಲ್ಲದವನು ಯಾರಿಗಾದರೂ ಗುದ್ದಿದರೆ, ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಸೇನಾ ಆಯ್ಕೆಯ ಎಸ್‌ಎಸ್‌ಬಿ ಸಂದರ್ಶನ ಪಾಸಾಗಿ, ಮೆಡಿಕಲ್ ದಾಟಿ ಹೋದ ಹುಡುಗನ ಮೇಲೆ ಸುಂಟಿಕೊಪ್ಪದ ರಸ್ತೆಯಲ್ಲಿ ಒಂದು ಕೇಸು ಬೇಕೇ?

ಹದಿನೆಂಟಾಯಿತು. ರಜೆಯಲ್ಲೇ ಲೈಸೆನ್ಸ್ ಮಾಡಿಸಬಹುದೇ?

ಇಲ್ಲೊಂದು ಕ್ಯಾಲೆಂಡರಿನ ಕಿತಾಪತಿ ಇದೆ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಆದ ಮೇಲೆ ಡಿಎಲ್ ಪರೀಕ್ಷೆಗೆ ಮೂವತ್ತು ದಿನ ಕಾಯಬೇಕು. ಎಲ್‌ಎಲ್ ಬಾಳುವುದು ಆರು ತಿಂಗಳು. ಕೆಡೆಟ್‌ಗೆ ಬೇಸಿಗೆ ಕೊನೆಗೊಮ್ಮೆ, ವರ್ಷದ ಕೊನೆಗೊಮ್ಮೆ, ಸುಮಾರು ಒಂದೊಂದು ತಿಂಗಳ ರಜೆ. ಜೂನ್ ಮೊದಲ ವಾರ ಮನೆಗೆ ಬಂದವನೇ ಉತ್ಸಾಹದಿಂದ ಎಲ್‌ಎಲ್ ಮಾಡಿಸಿದ ಅನ್ನಿ. ಮೂವತ್ತು ದಿನ ಮುಗಿಯುವಷ್ಟರಲ್ಲಿ ಟ್ರಂಕ್ ಕಟ್ಟಿ ಹೊರಟಿರುತ್ತಾನೆ. ಡಿಸೆಂಬರಿನಲ್ಲಿ ಬರುವಷ್ಟರಲ್ಲಿ ಎಲ್‌ಎಲ್ ಸತ್ತಿರುತ್ತದೆ. ಅದಕ್ಕೇ ಎಲ್‌ಎಲ್ಲನ್ನು ರಜೆಯ ಕೊನೆಯ ವಾರ ಮಾಡಿಸಿ, ಮುಂದಿನ ರಜೆಯ ಮೊದಲ ವಾರಕ್ಕೆ ಡಿಎಲ್ ಪರೀಕ್ಷೆ ಹಾಕಿಸಿ.

ಎಲ್‌ಎಲ್ ಇದ್ದಾಗ ಓಡಿಸಿದರೂ ಪಾಲಿಸಿ ನಡೆಯುತ್ತದೆ, ಪಕ್ಕದಲ್ಲಿ ಡಿಎಲ್ ಇರುವವರು ಕೂತಿದ್ದು ಹಿಂದೆ ಮುಂದೆ ಕೆಂಪು "ಎಲ್" ಅಂಟಿಸಿದ್ದರೆ.

ಕೋರ್ಸ್‌ಮೇಟ್‌ಗಳು ಬಂದಿದ್ದಾರೆ. ಐದು ಜನ ಅಬ್ಬಿ, ತಲಕಾವೇರಿ ಅಂತ ಹೊರಟಿದ್ದಾರೆ. ಅವರಿಗೆ ರಕ್ಷಣೆ ಇದೆಯೇ?

ಫುಲ್ ಇನ್ಶೂರೆನ್ಸ್, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಇದೆ. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿ ಒಳಗೆ ಕೂತವರ ಹೊಣೆಯನ್ನೂ ಹೊರುತ್ತದೆ ಎಂದು 2009ರ ನವೆಂಬರಿನಲ್ಲೇ ಪ್ರಾಧಿಕಾರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಬರೀ ಥರ್ಡ್ ಪಾರ್ಟಿ ಇದ್ದರೆ, ಪುಕ್ಕಟೆಯಾಗಿ ಕೂತು ಬಂದ ಗೆಳೆಯರಿಗೆ ಕಂಪನಿ ಹೊಣೆಯಲ್ಲ. ಆ ಹೊರೆ ನಿಮ್ಮ ತಲೆಗೇ ಬರುತ್ತದೆ. "ಹಳೇ ಕಾರು, ಥರ್ಡ್ ಪಾರ್ಟಿ ಸಾಕು ಸಾರ್" ಎನ್ನುವವರಿಗೆ ನಾನು ಕೇಳುವುದು ಒಂದೇ: ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ?

ನಿಂತ ಕಾರಿನ ಮೇಲೆ ಮರ ಬಿದ್ದರೆ? ಆನೆ?

ಮರ, ಪ್ರವಾಹ, ಗುಡ್ಡ ಕುಸಿತ, ಬೆಂಕಿ, ಕಳವು ಎಲ್ಲ ಓನ್ ಡ್ಯಾಮೇಜಿನಲ್ಲಿ ಬರುತ್ತದೆ. 2018ರ ಆಗಸ್ಟ್‌ನ ಕೊಡಗನ್ನು ನೋಡಿದವರಿಗೆ ಗುಡ್ಡದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಆನೆ ಶೆಡ್ಡಿಗೆ ನುಗ್ಗಿ ಬಾನೆಟ್ ಒತ್ತಿದರೂ ಅದು ಹೊರಗಿನಿಂದಾದ ಅಪಘಾತವೇ. ಜಾಗದಿಂದ ಕದಲಿಸುವ ಮೊದಲು ಫೋಟೋ ತೆಗೆಯಿರಿ, ಅರಣ್ಯ ಇಲಾಖೆಗೂ ಒಂದು ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಬ್ಯಾಟರಿ ಸತ್ತರೆ, ಟಯರ್ ಬಿರಿದರೆ, ತುಕ್ಕು ಹಿಡಿದರೆ ಇಲ್ಲ. ಅದು ಸವಕಲು. ಅಪಘಾತದ ಕ್ಲೇಮಿನಲ್ಲೂ ಟಯರು, ಬ್ಯಾಟರಿ, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಡಿದೇ ಕೊಡುವುದು. ಸವಕಳಿ ಕಡಿಯದ ಬಂಪರ್ ಟು ಬಂಪರ್ ರಕ್ಷಣೆ ಸೇರಿಸಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಆ ಕಡಿತವಿಲ್ಲ. ಮೇಲಿಂದ ನಿಮ್ಮ ಪಾಲು 1,500 ಸಿಸಿವರೆಗೆ ಕನಿಷ್ಠ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಇಲಿ ವೈರ್ ಕಡಿದರೆ ಪ್ರತಿ ಸಲ ಜಗಳ. ಒಬ್ಬ ಸರ್ವೇಯರ್ ಒಪ್ಪುತ್ತಾನೆ, ಇನ್ನೊಬ್ಬ ನಿರ್ವಹಣೆ ಸರಿಯಿಲ್ಲ ಎನ್ನುತ್ತಾನೆ. ನನ್ನದೇ ವ್ಯಾನಿನ ಕ್ಲೇಮನ್ನು ಒಂದು ಕಂಪನಿ ಎರಡು ತಿಂಗಳು ಎಳೆದು, ಕೊನೆಗೆ ಖರ್ಚಿನ ಕಾಲು ಭಾಗ ಕೊಟ್ಟಿತು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ, ಹದಿನೈದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ.

ಹೇಗೂ ನಿಂತಿದೆ ಅಂತ ಹೋಮ್‌ಸ್ಟೇ ಅತಿಥಿಗಳನ್ನು ಕರೆತರಲು ಬಳಸುತ್ತೇವೆ.

ಬಿಳಿ ಬೋರ್ಡಿನ ಕಾರಲ್ಲಿ ದುಡ್ಡಿಗೆ ಜನ ಸಾಗಿಸಿದರೆ ಪಾಲಿಸಿಯ ಬಳಕೆಯ ಷರತ್ತೇ ಮುರಿದಂತೆ. ಕ್ಲೇಮ್ ಬಂದಾಗ ತನಿಖೆಯವರು ಮೊದಲು ಕೇಳುವುದು ಅತಿಥಿಯ ಬಿಲ್ಲನ್ನೇ. ಅದರಲ್ಲಿ "ಪಿಕಪ್ 1,500" ಎಂದು ಬರೆದಿದ್ದರೆ ಮುಗಿಯಿತು ಕಥೆ.

ಕಾರು ಕಳುವಾದರೆ?

ಮೊದಲು ಪೊಲೀಸ್ ಠಾಣೆ, ಅದೇ ದಿನ ಕಂಪನಿ. ಆಮೇಲೆ ಸರ್ವೇಯರ್ ಕೇಳುವುದು ಎರಡು ಕೀಲಿ. ಎರಡೂ. ಒಂದೇ ಇದ್ದರೆ ಗಾಡಿಯಲ್ಲೇ ಕೀಲಿ ಬಿಟ್ಟಿದ್ದಿರಿ ಎಂದು ಅನುಮಾನ ಪಡುತ್ತಾರೆ. ಈ ಹುಡುಗರದ್ದು ಒಂದು ಅಭ್ಯಾಸ: ಹೊರಡುವ ದಿನ ತನ್ನ ಕೀಲಿಯನ್ನು ಜೇಬಲ್ಲೇ ಇಟ್ಟುಕೊಂಡು, ಅಲ್ಲಿ ಹೋಗಿ ಆ ಕಪ್ಪು ಟ್ರಂಕಿನ ತಳಕ್ಕೆ ಹಾಕಿಬಿಡುವುದು. ಇಲ್ಲಿ ಅಮ್ಮ ಬೀರು, ಅಕ್ಕಿ ಡಬ್ಬಿ ಎಲ್ಲ ಜಾಲಾಡುತ್ತಿರುತ್ತಾರೆ.

ಗೇಟಿಗೆ ಉಜ್ಜಿ ಬಾಗಿಲು ಗೀರಿದೆ. ಕ್ಲೇಮ್ ಮಾಡಲೇ?

ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ್ದಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ನಂತರ 25, 35, 45, ಐದನೇ ವರ್ಷಕ್ಕೆ 50%. ಒಂದು ಕ್ಲೇಮ್ ಮಾಡಿದರೆ ಸೊನ್ನೆ. ಓನ್ ಡ್ಯಾಮೇಜ್ 10,000 ರೂಪಾಯಿ ಎಂದಿಟ್ಟುಕೊಂಡರೆ 50% ಅಂದರೆ ಒಂದೇ ವರ್ಷಕ್ಕೆ 5,000 ಕೈಬಿಡುತ್ತದೆ, ಮತ್ತೆ ಅಲ್ಲಿಗೆ ಹತ್ತಲು ಐದು ವರ್ಷ. ಮೂರು ಸಾವಿರದ ಗೀರಿಗೆ ಪೇಂಟರ್ ಸಾಕು. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂವಲ್ ಆಗದಿದ್ದರೂ ಎನ್‌ಸಿಬಿ ಹೋಗುತ್ತದೆ ಎನ್ನುವುದು ನೆನಪಿರಲಿ.

ಕಾರನ್ನು ಮಗನ ಹೆಸರಿಗೆ ಮಾಡಿದರೆ ನನ್ನ 50% ಅವನಿಗೆ ಹೋಗುತ್ತದೆಯೇ?

ಇಲ್ಲ. ಅದು ನಿಮ್ಮದು, ಕಾರಿನದಲ್ಲ. ನಿಮ್ಮ ಕಾಲಾನಂತರವೇ ಮಗನಿಗೆ ದಾಟುವುದು, ಅದಕ್ಕೆ ಅವಸರ ಬೇಡ. ಹೆಸರು ಬದಲಿಸುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದಿಟ್ಟುಕೊಳ್ಳಿ, ಮೂರು ವರ್ಷದೊಳಗೆ ನೀವು ಕೊಳ್ಳುವ ಹೊಸ ಕಾರಿಗೆ ನಡೆಯುತ್ತದೆ. ಮಗ ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾಡಿಸದಿದ್ದರೂ ಥರ್ಡ್ ಪಾರ್ಟಿ ನಡೆಯುತ್ತದೆ, ಕಾರಿನ ಸ್ವಂತ ಹಾನಿಗೆ ನಯಾಪೈಸೆ ಬರುವುದಿಲ್ಲ.

ಮಗನಿಗೆ ಕಮಿಷನ್ ಆಯಿತು, ಅಧಿಕಾರಿಯಾದ. ಕೆಎ-12 ಕಾರನ್ನು ಪಠಾಣ್‌ಕೋಟ್‌ಗೆ ಒಯ್ಯುತ್ತಾನಂತೆ.

ಪಾಲಿಸಿ ಇಡೀ ಭಾರತಕ್ಕೆ ನಡೆಯುತ್ತದೆ. ರೈಲಿನಲ್ಲೋ ಲಾರಿಯಲ್ಲೋ ಸಾಗಿಸುವಾಗ ಜಖಂ ಆದರೂ ಓನ್ ಡ್ಯಾಮೇಜಿನಲ್ಲಿ ಬರುತ್ತದೆ. ಡೆಹ್ರಾಡೂನ್ ಕಡೆಯಿಂದ ನೇಪಾಳಕ್ಕೆ ಹೊರಟರೆ ಮಾತ್ರ ಮೊದಲೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬೇಕು.

ತೊಡಕು ಆರ್‌ಟಿಓದಲ್ಲಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿದರೆ ಅಲ್ಲಿಯ ನಂಬರ್ ಹಾಕಿಸಬೇಕು, ಎನ್‌ಓಸಿ ಬೇಕು, ಅಲ್ಲಿ ತೆರಿಗೆ ಕಟ್ಟಿ ಇಲ್ಲಿಯದು ವಾಪಸ್ ಕೇಳಬೇಕು. ಎರಡು ಮೂರು ವರ್ಷಕ್ಕೊಂದು ಪೋಸ್ಟಿಂಗ್ ಇರುವವನಿಗೆ ಇದು ತಲೆನೋವು. ಹೊಸ ಕಾರು ಕೊಳ್ಳುವ ಯೋಚನೆ ಇದ್ದರೆ ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಬಿಎಚ್ ಸರಣಿಯ ನಂಬರೇ ಸರಿ. 2021ರ ಸೆಪ್ಟೆಂಬರಿನಿಂದ ಸೇನೆಯವರಿಗೆ ಸಿಗುತ್ತದೆ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ನಂಬರ್ ಬದಲಾದರೆ ಪಾಲಿಸಿಯಲ್ಲೂ ಬದಲಿಸಿ. ಪುಣೆಯಲ್ಲಿ ಮರುನೋಂದಣಿ ಮಾಡಿಸಿದರೆ ಓನ್ ಡ್ಯಾಮೇಜ್ ತುಸು ಏರುತ್ತದೆ, ಏಕೆಂದರೆ ಟ್ಯಾರಿಫ್‌ನಲ್ಲಿ ಪುಣೆ, ಬೆಂಗಳೂರಿನಂಥ ಎಂಟು ಊರು ಎ ವಲಯ, ಮಡಿಕೇರಿ ಬಿ ವಲಯ.

ಪಾಸಿಂಗ್ ಔಟ್ ಪರೇಡ್‌ಗೆ ನಮ್ಮ ಕಾರಲ್ಲೇ ಪುಣೆಗೆ ಹೋಗುತ್ತೇವೆ. ಏನು ನೋಡಿಕೊಳ್ಳಬೇಕು?

ಪಾಲಿಸಿ ದಾರಿಯಲ್ಲಿ ಮುಗಿಯುತ್ತದೆಯೇ ನೋಡಿ. ಹೊಗೆ ತಪಾಸಣೆ ಚೀಟಿಯೂ. ಎರಡೂ ಡಿಜಿಲಾಕರ್‌ನಲ್ಲಿದ್ದರೆ ಮಹಾರಾಷ್ಟ್ರದ ಪೊಲೀಸರೂ ಒಪ್ಪಬೇಕು. ಆರ್‌ಸಿಯಲ್ಲಿ ಐದು ಸೀಟು ಎಂದಿದ್ದರೆ ಐದೇ ಜನ. ಅತ್ತೆ, ಚಿಕ್ಕಮ್ಮ ಎಂದು ಏಳು ಜನ ತುಂಬಿದರೆ ಕ್ಲೇಮಿನಲ್ಲಿ ತಕರಾರು ಖಚಿತ. ಉಳಿದವರಿಗೆ ಬಸ್ ಬುಕ್ ಮಾಡಿ.

ಬರುವಾಗ ಹುಡುಗನ ಟ್ರಂಕ್ ಡಿಕ್ಕಿಗೆ ಏರುತ್ತದೆ. ಏರಿಸುವ ಮೊದಲು ಒಮ್ಮೆ ತೆಗೆಸಿ, ತಳ ತಡಕಿ ನೋಡಿ. ಮೂರು ವರ್ಷದಿಂದ ಹುಡುಕುತ್ತಿದ್ದ ಎರಡನೇ ಕೀಲಿ ಅಲ್ಲಿರಬಹುದು.